ಚಂಚಲ ದೋಷದ ಮೂಲ

ಒಂದೇ ಲೆಕ್ಕವನ್ನು ಎರಡು ಸಲ ಮಾಡಿ ಎರಡು ಉತ್ತರ ಬಂದರೆ ನಾವು ಲೆಕ್ಕವನ್ನು ಶಂಕಿಸುವುದಿಲ್ಲ, ಮಾಡಿದವನನ್ನು ಶಂಕಿಸುತ್ತೇವೆ. ಈ ಸರಳ ತತ್ತ್ವವನ್ನು ಮರೆತು ನಾನು ಮೂರು ವಾರ ಪಟ್ಟ ಪಾಡನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಕರ್ನೆಲ್‌ನ ಮೂಲಪಾಠ ಇಂದು ಎಲ್ಲರಿಗೂ ಮುಕ್ತ. ಅದನ್ನು ಯಂತ್ರಭಾಷೆಗೆ ತಿರುಗಿಸುವುದು ಜಿಸಿಸಿ ಎಂಬ ಕಂಪೈಲರ್. ಗಾಂಧಿಬಜಾರಿನಲ್ಲಿ ಹೂ ಮಾರುವ ನನ್ನ ತಂದೆ ಕೂಡಿಟ್ಟ ಹಣದಿಂದ ಕೊಂಡ ಹಳೆಯ ಗಣಕದಲ್ಲಿ ಈ ಕೆಲಸಕ್ಕೆ ಕೈಹಾಕಿದೆ. ಅರ್ಧದಲ್ಲೇ ‘ಕಂಪೈಲರಿನ ಆಂತರಿಕ ದೋಷ: ಸೆಗ್ಮೆಂಟೇಶನ್ ಫಾಲ್ಟ್’ ಎಂದು ಕೆಲಸ ನಿಂತಿತು. ಕಂಪೈಲರ್ ತನ್ನದಲ್ಲದ ಸ್ಮೃತಿಸ್ಥಾನಕ್ಕೆ ಕೈಚಾಚಿತೆಂದು ಇದರ ಅರ್ಥ. ಮತ್ತೆ ಆರಂಭಿಸಿದರೆ ಅದೇ ಕಡತವನ್ನು ಸರಾಗವಾಗಿ ದಾಟಿ ಬೇರೊಂದರಲ್ಲಿ ಮುಗ್ಗರಿಸಿತು. ಇದು ನಮ್ಮಂಥವರ ಮನೆಗೆ ಒಗ್ಗದ ವಿದ್ಯೆಯೆಂದು ಬಗೆದು ಕೈಬಿಡುವುದರಲ್ಲಿದ್ದೆ.

ಆದರೆ ವಿಚಾರಮಾಡಿ ನೋಡಿ. ಮೂಲಪಾಠದಲ್ಲಿ ತಪ್ಪಿದ್ದರೆ ಅದು ಪ್ರತಿ ಸಲವೂ ಅದೇ ಕಡತದ ಅದೇ ಸಾಲಿನಲ್ಲಿ ಕಾಣಬೇಕು. ಕಂಪೈಲರಿನಲ್ಲಿ ದೋಷವಿದ್ದರೂ ಸಾಮಾನ್ಯವಾಗಿ ಹಾಗೆಯೇ. ಹಲವು ಕಡತಗಳನ್ನು ಏಕಕಾಲಕ್ಕೆ ಕಟ್ಟುವಾಗ ಸ್ಮೃತಿ ಸಾಲದೆ ಹೋಗುವುದುಂಟು. ಆದ್ದರಿಂದ ಒಂದೊಂದಾಗಿಯೇ ಕಟ್ಟಿಸಿದೆ. ದೋಷ ಹೋಗಲಿಲ್ಲ. ಪೆಟ್ಟಿಗೆ ತೆರೆದು ಧೂಳು ತೆಗೆದು ತಂಪುಮಾಡಿದೆ. ಆಗಲೂ ಹೋಗಲಿಲ್ಲ. ಕೊನೆಗೆ ಮೆಮ್‌ಟೆಸ್ಟ್ ಎಂಬ ಪರೀಕ್ಷಾಕ್ರಮವನ್ನು ರಾತ್ರಿಯಿಡೀ ನಡೆಸಿದಾಗ ತಪ್ಪುಗಳು ಕಂಡವು. ಎರಡು ಸ್ಮೃತಿಪಟ್ಟಿಗಳನ್ನು ಒಂದೊಂದಾಗಿ ಒಂದೇ ಕಂಡಿಯಲ್ಲಿಟ್ಟು ನೋಡಿದೆ, ಒಂದು ಕೆಟ್ಟಿತ್ತು.

ಹಾಗಾದರೆ ಇತರ ಕೆಲಸಗಳು ಹೇಗೆ ನಡೆಯುತ್ತಿದ್ದವು? ಚಿತ್ರದಲ್ಲಿ ಒಂದು ಬಿಟ್ ತಿರುಗಿದರೆ ಒಂದು ಚುಕ್ಕೆಯ ಬಣ್ಣ ಬದಲಾದೀತು, ಯಾರೂ ಗಮನಿಸರು. ಕಂಪೈಲರಾದರೋ ಸ್ಮೃತಿಯಲ್ಲಿ ವಿಳಾಸಗಳ ಸರಪಣಿಯನ್ನೇ ಹೆಣೆಯುತ್ತದೆ. ಅಲ್ಲಿ ಒಂದು ಬಿಟ್ ಕೆಟ್ಟರೆ, ಮಲ್ಲೇಶ್ವರದ 8ನೆಯ ಅಡ್ಡರಸ್ತೆಯ ಕಾಗದ 18ನೆಯ ಅಡ್ಡರಸ್ತೆಗೆ ಹೋದಂತೆ. ಸ್ಮೃತಿಯ ಹಂಚಿಕೆ ಪ್ರತಿ ಸಲವೂ ಬೇರೆಯಾದ್ದರಿಂದ ಪೆಟ್ಟು ಬೀಳುವ ಕಡತವೂ ಬೇರೆ.

ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತಪದ್ಧತಿ ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಬಲ್ಲುದು. ದೊಡ್ಡ ಸರ್ವರ್‌ಗಳ ಸ್ಮೃತಿಗೆ ಅಂಥ ಕಾವಲುಂಟು. ನಮ್ಮ ಅಗ್ಗದ ಗಣಕಗಳಿಗೆ ಸಾಮಾನ್ಯವಾಗಿ ಇಲ್ಲ.

ಕೆಟ್ಟ ಪಟ್ಟಿಯನ್ನು ತೆಗೆದು, ಹಿಂದೆ ಕಟ್ಟಿದ್ದರಲ್ಲಿ ಸದ್ದಿಲ್ಲದೆ ತಪ್ಪು ಸೇರಿರಬಹುದೆಂದು ಎಲ್ಲವನ್ನೂ ಅಳಿಸಿ, ಮೊದಲಿನಿಂದ ಕಟ್ಟಿದೆ. ಬೆಳಗಿನ ಜಾವ, ತಂದೆ ಹೂವಿನ ಬುಟ್ಟಿ ಎತ್ತುವ ಹೊತ್ತಿಗೆ, ಕೆಲಸ ನಿರ್ವಿಘ್ನವಾಗಿ ಮುಗಿದಿತ್ತು. ತಪ್ಪು ನಮ್ಮದೇ ಎಂದು ತಲೆತಗ್ಗಿಸುವ ಮೊದಲು ಅದನ್ನೂ ಪರೀಕ್ಷೆಗೆ ಒಡ್ಡಬೇಕೆಂಬುದು ನಾನು ಕಲಿತ ಪಾಠ.