ಆಫರ್ ಲೆಟರ್ ಹಿಡಿದು ಕಾಯುತ್ತ ಕೂತ ಮಗಳಿಗೆ

ತಂಗೀ, ನಿನ್ನ ಇಂಜಿನಿಯರಿಂಗ್ ಮುಗಿದು ವರ್ಷವಾಗುತ್ತ ಬಂತು. ಕ್ಯಾಂಪಸ್ಸಿನಲ್ಲಿ ಸಿಕ್ಕ ಆಫರ್ ಲೆಟರ್ ಫೋನಿನಲ್ಲೇ ಇದೆ, ಸೇರುವ ತಾರೀಖು ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ನಮ್ಮೂರು ಐರಣಿಯಲ್ಲಿ ಯಾರ ಮನೆ ಕಟ್ಟೆಗೆ ಕೂತರೂ ‘ಕೆಲಸಕ್ಕ ಯಾವಾಗ ಹೋಗತಿ’ ಅಂತ ಕೇಳುತ್ತಾರೆ, ಅದಕ್ಕೇ ನೀನು ಹೊರಗೆ ಬರುವುದನ್ನೇ ಬಿಟ್ಟಿದ್ದೀಯ ಎಂದು ನಿಮ್ಮವ್ವ ಹೇಳಿದಳು. ಎದುರಿಗೆ ಕೂತು ಹೇಳಿದರೆ ನೀನು ತಲೆ ತಗ್ಗಿಸಿ ಹೂಂಗುಟ್ಟಿ ಎದ್ದು ಹೋಗುತ್ತೀಯ. ಬರೆದರೆ ಎರಡು ಸಲ ಓದುತ್ತೀಯ ಎಂದು ನಿನ್ನ ದೊಡ್ಡಪ್ಪನಾದ ನಾನು ಬರೆಯುತ್ತಿದ್ದೇನೆ.

ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಅಮೆರಿಕ, ಯುರೋಪಿನ ಗಿರಾಕಿಗಳು ಕೈ ಬಿಗಿ ಹಿಡಿದರೆ ಬೆಂಗಳೂರಿನ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸಬರನ್ನು ಸೇರಿಸಿಕೊಳ್ಳುವುದನ್ನೇ. ಒಳಗಿದ್ದವರನ್ನು ಕಳಿಸಿದರೆ ಪೇಪರಿನಲ್ಲಿ ಬರುತ್ತದೆ, ಹೊರಗಿದ್ದವರನ್ನು ಹೊರಗೇ ನಿಲ್ಲಿಸಿದರೆ ಅಷ್ಟು ಗದ್ದಲವಾಗುವುದಿಲ್ಲ. 2022ರಲ್ಲಿ ಆಫರ್ ಪಡೆದವರಲ್ಲಿ ಕೆಲವರು ಎರಡು ವರ್ಷ ಕಾದರು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಅವರಲ್ಲಿ ಹೆಚ್ಚಿನವರು ಮಧ್ಯದ ಮತ್ತು ಮೇಲಿನ ಹಂತದವರು. ಅಂಥ ಅನುಭವಸ್ಥರಿಗೇ ಜಾಗ ಇಲ್ಲದ ಹೊತ್ತಿನಲ್ಲಿ ನಿನ್ನನ್ನು ಕರೆಯಲಿಲ್ಲವೆಂದು ನಿನ್ನ ಬುದ್ಧಿಯನ್ನು ನೀನೇ ಹಳಿದುಕೊಳ್ಳಬೇಡ.

ಹಾಗೆಂದು ಕಾಯುತ್ತ ಕೂರುವುದೂ ಸರಿಯಲ್ಲ. ಬೇಕಾದ ಕೆಲಸ ಬರುವ ತನಕ ಸಿಗುವ ಕೆಲಸಕ್ಕೆ ಹೋಗು. ಹೋದ ಮೇಲೆ ಅಲ್ಲೇ ಬೇರು ಬಿಡಬೇಡ. ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ. ಕೆನಡಾದಲ್ಲಿ ಇಳಿಗಾಲದಲ್ಲಿ ಪದವಿ ಮುಗಿಸಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೆಯ ಕಾಲದಲ್ಲಿ ಹೊರಬಂದವರಿಗಿಂತ ಇವರ ಗಳಿಕೆ ಶುರುವಿಗೆ ಸುಮಾರು ಶೇ 9ರಷ್ಟು ಕಡಿಮೆ ಇತ್ತು. ಐದು ವರ್ಷಕ್ಕೆ ಆ ಅಂತರ ಅರ್ಧವಾಯಿತು, ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಅಳಿಸಿಹೋಯಿತು. ಅಳಿಸಿದ್ದು ಹೇಗೆ? ಬಹುಮಟ್ಟಿಗೆ, ಮೊದಲು ಸಣ್ಣ ಕಡೆ ಸೇರಿದವರು ಕಾಲ ಸುಧಾರಿಸಿದಾಗ ಅಲ್ಲಿಂದ ಒಳ್ಳೆಯ ಕಡೆಗೆ ಎದ್ದು ಹೋದದ್ದರಿಂದ. ಕೆನಡಾದ ಲೆಕ್ಕ ರಾಣೆಬೆನ್ನೂರಿಗೆ ಹಾಗೇ ಹೊಂದುತ್ತದೆ ಎನ್ನಲಾರೆ, ಆದರೆ ನಾನು ಕಣ್ಣಾರೆ ಕಂಡದ್ದೂ ಇದನ್ನೇ.

ನಾನು ಬಿ.ಕಾಂ. ಮುಗಿಸಿದ್ದು 1991ರಲ್ಲಿ. ದೇಶದ ಹತ್ತಿರ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ಹಣ ಉಳಿದಿದ್ದ ವರ್ಷ ಅದು. ಬಂಗಾರ ಒತ್ತೆಯಿಟ್ಟು ಸಾಲ ತಂದರು, ಜುಲೈ ಮೊದಲ ವಾರದಲ್ಲೇ ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯ ತನಕ ಎಲ್ಲಕ್ಕೂ ಧಾರವಾಡಕ್ಕೇ ಹೋಗಬೇಕು. ಹೋಗಿ ಉದ್ಯೋಗ ವಿನಿಮಯದಲ್ಲಿ ಹೆಸರು ಬರೆಸಿ ಬಂದೆ, ಬಂದವನು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದೆ. ಬೆಳಿಗ್ಗೆಯಿಂದ ಘಾಟಿಗೆ ಸೀನುತ್ತ ಕಿರ್ದಿ ಬರೆಯುವುದು, ಸಂಜೆ ಖತಾವಣಿಗೆ ಏರಿಸುವುದು. ಅದರ ನಡುವೆ ಒಂದು ಕೆಲಸವಿತ್ತು: ಮಾಲು ಮಾರಿದ ರೈತನಿಗೆ ಪಟ್ಟಿ ಬರೆದುಕೊಟ್ಟು, ಎಷ್ಟು ಚೀಲ, ಖಾಲಿ ಚೀಲದ ತೂಕ ಎಷ್ಟು ಕಳೆದೆವು, ಹಮಾಲಿ ಎಷ್ಟು, ಕೈಗೆ ಎಷ್ಟು ಎಂದು ಒಂದೊಂದಾಗಿ ಬಿಡಿಸಿ ಹೇಳುವುದು. ಓದು ಬಾರದವರು ಬೆರಳ ಗಿಣ್ಣಿನ ಮೇಲೆ ಎಣಿಸುತ್ತ ಕೇಳುತ್ತಿದ್ದರು. ಒಂದು ಪೈಸೆ ತಪ್ಪಿದರೂ ಹಿಡಿಯುತ್ತಿದ್ದರು. ಮುಂದೆ ದಾವಣಗೆರೆಯಲ್ಲಿ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ನನ್ನ ಅಂಕಗಳ ಬಗ್ಗೆ ಯಾರೂ ಹೆಚ್ಚು ಕೇಳಲಿಲ್ಲ. ಅಲ್ಲಿ ಕೂತವರೊಬ್ಬರು ನಮ್ಮ ಸಾಹುಕಾರರಿಗೆ ಪರಿಚಯದವರು. ‘ಹುಡುಗ ಲೆಕ್ಕ ಮುಚ್ಚಿಡೋನಲ್ಲ’ ಎಂಬ ಮಾತು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ನಿನ್ನ ಪರವಾಗಿ ಒಂದು ಮಾತು ಆಡಬಲ್ಲ ಒಬ್ಬ ಮನುಷ್ಯನನ್ನು ಸಂಪಾದಿಸಿಕೊಳ್ಳುವುದು ಮೊದಲ ಕೆಲಸದ ಸಂಬಳಕ್ಕಿಂತ ದೊಡ್ಡ ಗಳಿಕೆ. ಮನೆಯ ಮೂಲೆಯ ಕೋಣೆಯಲ್ಲಿ ಕೂತರೆ ಆ ಮನುಷ್ಯ ಸಿಗುವುದಿಲ್ಲ.

‘ದೊಡ್ಡಪ್ಪಾ, ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಮೆಣಸಿನಕಾಯಿಗೂ ನನಗೂ ಏನು ಸಂಬಂಧ’ ಎನ್ನುತ್ತೀಯ. ಸಂಬಂಧ ಇದೆ, ಕೇಳು. ಬ್ಯಾಡಗಿ ಸುತ್ತಮುತ್ತ ನಿಂತಿರುವ ಕೋಲ್ಡ್ ಸ್ಟೋರೇಜ್‌ಗಳನ್ನು ಬಸ್ಸಿನಿಂದ ನೋಡಿದ್ದೀಯ, ಒಳಗೆ ಹೋಗಿಲ್ಲ. ಬೇರೆ ಬೇರೆ ರೈತರ, ವ್ಯಾಪಾರಿಗಳ ಸಾವಿರಾರು ಚೀಲ ಅಲ್ಲಿರುತ್ತವೆ. ಯಾರದು ಯಾವ ಚೇಂಬರಿನಲ್ಲಿದೆ, ಯಾವ ತಳಿ, ಯಾವ ಲಾಟು, ಯಾವುದರ ಮೇಲೆ ಬ್ಯಾಂಕಿನ ಸಾಲವಿದೆ, ಬಾಡಿಗೆ ಎಷ್ಟು ಬಾಕಿ, ಇದನ್ನೆಲ್ಲ ಸರಿಯಾಗಿ ಇಟ್ಟುಕೊಂಡರೆ ಮಾತ್ರ ವ್ಯವಹಾರ ನಡೆಯುತ್ತದೆ. ಎಷ್ಟೋ ಕಡೆ ಅರ್ಧ ರಿಜಿಸ್ಟರಿನಲ್ಲಿ, ಅರ್ಧ ಎಕ್ಸೆಲ್‌ನಲ್ಲಿ, ಉಳಿದದ್ದು ಹಳೆಯ ಮ್ಯಾನೇಜರರ ತಲೆಯಲ್ಲಿ ಇರುತ್ತದೆ. ಇದನ್ನು ಕ್ರಮಕ್ಕೆ ತರುವುದು ನೀನು ಕಲಿತ ಡೇಟಾಬೇಸ್ ಕೆಲಸವೇ. ಕಾಲೇಜಿನ ಪ್ರಾಜೆಕ್ಟಿನಲ್ಲಿ ತಪ್ಪಾದರೆ ಮಾರ್ಕ್ಸ್ ಹೋಗುತ್ತದೆ, ಇಲ್ಲಿ ತಪ್ಪಾದರೆ ಒಬ್ಬರ ಚೀಲ ಇನ್ನೊಬ್ಬರ ಲಾರಿ ಹತ್ತುತ್ತದೆ. ಆ ಭಯದಲ್ಲಿ ಕಲಿತದ್ದು ಗಟ್ಟಿಯಾಗಿ ನಿಲ್ಲುತ್ತದೆ.

ನಿನ್ನ ಗೆಳತಿ ಕೆಮಿಸ್ಟ್ರಿ ಓದಿದವಳಿದ್ದಾಳಲ್ಲ, ಅವಳಿಗೂ ಹೇಳು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದಕ್ಕೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣವನ್ನು ಕಣ್ಣಳತೆಯಲ್ಲಿ ಹೇಳಿದರೆ ದೊಡ್ಡ ಖರೀದಿದಾರ ಒಪ್ಪುವುದಿಲ್ಲ. ಪುಡಿಯನ್ನು ಅಸಿಟೋನಿನಲ್ಲಿ ಹಾಕಿ, ಕತ್ತಲಲ್ಲಿ 16 ತಾಸು ಬಿಟ್ಟು, ಆಮೇಲೆ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 460 ನ್ಯಾನೋಮೀಟರಿನ ಬೆಳಕು ಬಿಟ್ಟು ಎಷ್ಟು ಹೀರಿತೆಂದು ನೋಡುತ್ತಾರೆ. ಬಂದ ಅಂಕಿಗೆ ಆಸ್ಟಾ ಎನ್ನುತ್ತಾರೆ. ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳ ವಹಿವಾಟು ಆ ಅಂಕಿಯನ್ನು ನೆಚ್ಚಿಕೊಂಡಿದೆ. ಬಿ.ಎಸ್ಸಿ. ಮುಗಿಸಿ ‘ಕೆಮಿಸ್ಟ್ರಿಗೆ ಸ್ಕೋಪ್ ಇಲ್ಲ’ ಎನ್ನುವವರು ಒಮ್ಮೆ ಅಂಥ ಲ್ಯಾಬಿನ ಬಾಗಿಲ ತನಕವಾದರೂ ಹೋಗಿ ಬರಬೇಕು.

ರಾಣೆಬೆನ್ನೂರಿನ ಸೀಡ್ಸ್ ಕಂಪನಿಗಳನ್ನೂ ಹೊರಗಿನಿಂದ ಕಂಡವಳು ನೀನು. ನಮ್ಮ ಕಡೆಯ ಹೆಣ್ಣುಮಕ್ಕಳು ಕ್ರಾಸಿಂಗ್ ಕೆಲಸಕ್ಕೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೀಯ: ನಾಳೆ ಅರಳುವ ಮೊಗ್ಗಿನ ಕೇಸರವನ್ನು ಇಂದು ಮಧ್ಯಾಹ್ನದ ಮೇಲೆ ಉಗುರಿನಿಂದ ಬಿಡಿಸಿ ತೆಗೆಯುವುದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವುದು. ಆ ಹೊಲದಿಂದ ಬಂದ ಬೀಜಕ್ಕೆ ಲಾಟ್ ನಂಬರ್ ಬೀಳುತ್ತದೆ, ಮೊಳಕೆ ಪರೀಕ್ಷೆಯಾಗುತ್ತದೆ, ಬಿತ್ತಿ ತಳಿಶುದ್ಧಿ ನೋಡುತ್ತಾರೆ, ಪಾಸಾದ ಮೇಲೆ ರೈತನಿಗೆ ಹಣ. ಈ ಸರಪಳಿಯಲ್ಲಿ ಎಲ್ಲಿ ದಾಖಲೆ ತಪ್ಪಿದರೂ ಜಗಳ. ಹೊಲದ ಭಾಷೆಯೂ ಕಂಪ್ಯೂಟರಿನ ಭಾಷೆಯೂ ಎರಡೂ ಬಲ್ಲವರು ಬೆಂಗಳೂರಿನಿಂದ ಬರುವುದಿಲ್ಲ. ನೀನು ಇಲ್ಲೇ ಹುಟ್ಟಿದವಳು. ನಿನ್ನ ಬಯೋಡಾಟಾದಲ್ಲಿ ಆ ಮಾತು ಎಲ್ಲಿಯೂ ಇಲ್ಲ, ನಾನು ನೋಡಿದೆ.

ಈ ಕಡೆಯೇನೂ ಇಳಿಗಾಲ ಇಲ್ಲವೆಂದಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದು ಬ್ಯಾಡಗಿ ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಹೊಳೆಯಾಚೆ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ದೇಶಕ್ಕೇ ಹೆಸರಾಗಿತ್ತು. ಅಲ್ಲಿ ನೌಕರಿ ಎಂದರೆ ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದರು. ಈ ಶತಮಾನದ ಆರಂಭದಲ್ಲಿ ಅದೂ ಮುಚ್ಚಿತು. ಅಲ್ಲಿಂದ ಹೊರಬಿದ್ದವರಲ್ಲಿ ಬೇಗ ಎದ್ದು ನಿಂತವರು ಯಂತ್ರದ ಮೇಲೆ ಕೈ ಪಳಗಿದವರು, ಅವರಿಗೆ ಬೇರೆ ವರ್ಕ್‌ಶಾಪುಗಳಲ್ಲಿ ಜಾಗ ಸಿಕ್ಕಿತು. ಕಂಪನಿಯ ಹೆಸರೊಂದನ್ನೇ ನೆಚ್ಚಿದವರಿಗೆ ಕಷ್ಟವಾಯಿತು. ಅದಕ್ಕೇ ಹೇಳಿದ್ದು, ಎಲ್ಲಿಯೂ ಬೇರು ಬಿಡಬೇಡ ಎಂದು. ಸೇರಿದ ಕಡೆ ಎರಡು ವರ್ಷ ಮನಸ್ಸಿಟ್ಟು ದುಡಿ, ಹೊಸದು ಕಲಿಯುವುದು ನಿಂತಿತು ಎನಿಸಿದ ದಿನದಿಂದ ಮುಂದಿನದನ್ನು ಹುಡುಕು. ‘ಪಾಪ, ಒಳ್ಳೆ ಸಾಹುಕಾರರು, ಹೇಗೆ ಬಿಡೋದು’ ಎಂದು ಅದೇ ಸಂಬಳದಲ್ಲಿ ಎಂಟು ವರ್ಷ ಉಳಿದವರನ್ನು ನಾನು ಬಲ್ಲೆ. ಒಳ್ಳೆಯ ಸಾಹುಕಾರರು ಬಿಡುವಾಗ ಹರಸಿಯೇ ಕಳಿಸುತ್ತಾರೆ.

ಇನ್ನೊಂದು ದಾರಿ ಅಪ್ರೆಂಟಿಸ್. ಅದು ಐಟಿಐ ಹುಡುಗರಿಗೆ ಮಾತ್ರ ಎಂದು ನಿಮ್ಮಲ್ಲಿ ಅನೇಕರು ತಿಳಿದಿದ್ದೀರಿ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ತಂದು ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಸೇರಿಸಿದರು. ಕೇಂದ್ರದ ನ್ಯಾಟ್ಸ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿದರೆ ಒಂದು ವರ್ಷದ ತರಬೇತಿ, ತಿಂಗಳಿಗೆ ಸ್ಟೈಪೆಂಡ್, ಕೊನೆಗೆ ಪ್ರಮಾಣಪತ್ರ. ನಿಗದಿಯಾದ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಸರ್ಕಾರವೇ ಭರಿಸುವುದರಿಂದ ಇಳಿಗಾಲದಲ್ಲೂ ಕಂಪನಿಗೆ ನಿನ್ನನ್ನು ತೆಗೆದುಕೊಳ್ಳುವುದು ಭಾರವಲ್ಲ. ಕುಮಾರಪಟ್ಟಣದ ಫೈಬರ್ ಕಾರ್ಖಾನೆಯಿಂದ ಹಿಡಿದು ಹುಬ್ಬಳ್ಳಿಯ ತನಕ ಎಲ್ಲಿ ಕರೆದಿದ್ದಾರೆ ಎಂದು ವಾರಕ್ಕೊಮ್ಮೆ ನೋಡು. ಪಾಸಾಗಿ ವರ್ಷಗಳು ಕಳೆದಷ್ಟೂ ಈ ಬಾಗಿಲು ಮುಚ್ಚುತ್ತ ಹೋಗುತ್ತದೆ, ತಡಮಾಡಬೇಡ.

ರಾಜ್ಯ ಸರ್ಕಾರದ ಯುವನಿಧಿಯ ಹಣ ಬರುತ್ತಿದ್ದರೆ ಸಂಕೋಚಪಡದೆ ತೆಗೆದುಕೋ. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕರೆ ನಿಲ್ಲುತ್ತದೆ. ಕೆಲಸ ಹುಡುಕುವವರ ಬಸ್ಸಿನ ಖರ್ಚಿಗೆ, ಫೋನಿನ ರೀಚಾರ್ಜಿಗೆ ಅಂತ ಕೊಟ್ಟ ಹಣ ಅದು. ಅದು ನಿಂತು ಹೋಗುತ್ತದೆಂದು ಬಂದ ಕೆಲಸ ಬಿಡುವ ಯೋಚನೆ ಮಾತ್ರ ಬೇಡ.

ನಿಮ್ಮಪ್ಪ ಧಾರವಾಡದ ಮಾತೆತ್ತಿದ್ದಾನೆ. ಸಪ್ತಾಪುರದಲ್ಲಿ ರೂಮು ಮಾಡಿ, ಕೋಚಿಂಗ್ ಸೇರಿ ಸರ್ಕಾರಿ ನೌಕರಿಗೆ ಓದು ಎನ್ನುತ್ತಾನೆ. ನಾನು ಬೇಡ ಎನ್ನುವುದಿಲ್ಲ; ನಮ್ಮ ಊರುಗಳಿಂದ ಹೋಗಿ ಓದಿ ಗೆದ್ದ ಮಕ್ಕಳಿದ್ದಾರೆ, ಅವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಅಲ್ಲಿನ ಗಡಿಯಾರ ನಿನ್ನ ಕೈಯಲ್ಲಿಲ್ಲ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, ಮರುವರ್ಷ ಆ ಪರೀಕ್ಷೆಯೇ ರದ್ದಾಯಿತು. ಪ್ರಾಮಾಣಿಕವಾಗಿ ಬರೆದವರ ವರ್ಷಗಳೂ ಅದರೊಂದಿಗೆ ಹೋದವು. 2024ರ ಅಕ್ಟೋಬರಿನಲ್ಲಿ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಬೇಡವೆಂದು ಸರ್ಕಾರ ತಡೆಯಿತು. ಮೀಸಲಾತಿಯ ಪ್ರಶ್ನೆ ನ್ಯಾಯದ ಪ್ರಶ್ನೆ, ಅದು ಬಗೆಹರಿಯಲೇಬೇಕಿತ್ತು. ಆದರೆ ಓದುತ್ತ ಕೂತವರ ವಯಸ್ಸು ಅಷ್ಟರ ತನಕ ನಿಲ್ಲಲಿಲ್ಲ. ಹೋಗುವುದಾದರೆ ಎಷ್ಟು ವರ್ಷ, ಎಷ್ಟು ಹಣ ಎಂದು ಹೊರಡುವ ಮೊದಲೇ ಮನೆಯವರೆಲ್ಲ ಕೂತು ನಿಶ್ಚಯಿಸಿ. ನನ್ನನ್ನು ಕೇಳಿದರೆ, ರಾಣೆಬೆನ್ನೂರಿನಲ್ಲಿ ಕೆಲಸ ಮಾಡುತ್ತ ಬೆಳಿಗ್ಗೆ ಎರಡು ತಾಸು ಓದುವುದು ನಿನಗೆ ಒಗ್ಗುತ್ತದೆ.

ಈಗ ಹೇಳುವುದನ್ನು ನಿನ್ನ ತಮ್ಮನಿಗೂ ಓದಿಸು. ಕೆಲಸ ಕಡಿಮೆಯಾದಾಗ ಕೆಲಸ ಕೊಡಿಸುತ್ತೇವೆ ಎನ್ನುವವರು ಹೆಚ್ಚುತ್ತಾರೆ. ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪಿನ ಡೆಪಾಸಿಟ್ಟು, ಬ್ಯಾಕ್‌ಡೋರಿಗೆ ಎರಡು ಲಕ್ಷ, ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡ. ಕೆಲಸ ಮಾಡುವವರಿಗೆ ಹಣ ಬರಬೇಕು, ಅವರಿಂದ ಹೋಗಬಾರದು. ಮೂಲ ಅಂಕಪಟ್ಟಿಯನ್ನು ಯಾರ ಕಪಾಟಿನಲ್ಲೂ ಇಟ್ಟು ಬರಬೇಡ; ತೋರಿಸು, ಜೆರಾಕ್ಸ್ ಕೊಡು, ಮೂಲ ವಾಪಸ್ ತಾ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಒಳ್ಳೆ ಸಂಬಳ ಎಂದು ನಂಬಿ ಹೊರಟವರನ್ನು ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸುತ್ತಿದ್ದರು. 2025ರ ಮಾರ್ಚಿನಲ್ಲಿ ಹಾಗೆ ಸಿಕ್ಕಿಬಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರೂ ನಿಮ್ಮ ವಯಸ್ಸಿನವರೇ, ಮನೆಗೆ ಹಣ ಕಳಿಸುವ ಆಸೆಯಿಂದ ಹೋದವರು. ಹೊರದೇಶದ ಮಾತು ಬಂದರೆ ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.

ಆಫರ್ ಲೆಟರನ್ನು ಅಳಿಸಿಬಿಡು ಎನ್ನುತ್ತಿಲ್ಲ. ತಿಂಗಳಿಗೊಮ್ಮೆ ಎಚ್.ಆರ್.ಗೆ ನಾಲ್ಕು ಸಾಲಿನ ಮೇಲ್ ಬರೆ, ಕರೆದರೆ ಹೋಗು. ಅಲ್ಲಿಯ ತನಕ ಇನ್ನೂರು ಕಂಪನಿಗಳಿಗೆ ಒಂದೇ ಬಯೋಡಾಟಾ ಕಳಿಸುವುದನ್ನು ನಿಲ್ಲಿಸು. ಅದರಲ್ಲಿರುವ ‘ಹಾರ್ಡ್ ವರ್ಕಿಂಗ್’, ‘ಟೀಮ್ ಪ್ಲೇಯರ್’ ತೆಗೆದುಹಾಕು. ಎಲ್ಲರೂ ಅದನ್ನೇ ಬರೆಯುತ್ತಾರೆ. ಕೋಲ್ಡ್ ಸ್ಟೋರೇಜಿನ ಚೀಲಗಳ ಲೆಕ್ಕ ಇಡುವ ಒಂದು ಸಣ್ಣ ಪ್ರೋಗ್ರಾಂ ಈ ವಾರವೇ ಮಾಡು, ಕನ್ನಡದಲ್ಲಿ ರಸೀದಿ ಬರುವ ಹಾಗೆ. ಅರೆಬರೆ ಇದ್ದರೂ ನಡೆದೀತು, ಫೋನಿನಲ್ಲಿ ತೆರೆದು ತೋರಿಸುವಂತಿರಲಿ. ಹೋದ ಕಡೆ ‘ಕೆಲಸ ಇದೆಯೇ’ ಎಂದು ಶುರು ಮಾಡಬೇಡ, ‘ಇಲ್ಲ’ ಎಂಬ ಉತ್ತರ ತಯಾರಾಗಿರುತ್ತದೆ. ‘ನಿಮ್ಮಲ್ಲಿ ಸ್ಟಾಕಿನ ಲೆಕ್ಕ ಹೇಗೆ ಇಡುತ್ತೀರಿ, ಎಲ್ಲಿ ತೊಡಕಾಗುತ್ತದೆ’ ಎಂದು ಕೇಳು. ಹೇಳುವವರಿಗೆ ಹೇಳಲು ಬಹಳ ಇರುತ್ತದೆ. ಬಂದು ಬರೆದಿಟ್ಟುಕೋ, ಹದಿನೈದು ದಿನ ಬಿಟ್ಟು ಆ ತೊಡಕಿಗೆ ಉತ್ತರ ಹಿಡಿದು ಮತ್ತೆ ಹೋಗು.

ಇಂಜಿನಿಯರಿಂಗ್ ಓದಿಸಿ ಮೆಣಸಿನಕಾಯಿ ಗೋದಾಮಿಗೆ ಕಳಿಸುವುದೇ ಎಂದು ನಿಮ್ಮಪ್ಪ ಮುಖ ಗಂಟಿಕ್ಕುತ್ತಾನೆ, ಗೊತ್ತು. ಅವನ ಹತ್ತಿರ ನಾನು ಮಾತಾಡುತ್ತೇನೆ. ಸಂಬಳ ಮೊದಲಿಗೆ ಕಡಿಮೆಯೇ ಇರುತ್ತದೆ, ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟದ ಖರ್ಚು ಕಳೆದು ಲೆಕ್ಕ ಹಾಕಿ ತೋರಿಸಿದರೆ ಅವನಿಗೂ ತಿಳಿಯುತ್ತದೆ. ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಪೇಟೆ, ಯಾರಿಗೂ ಮಾತಿಗೆ ಪುರುಸೊತ್ತು ಇರುವುದಿಲ್ಲ. ಬುಧವಾರ ಹೊರಡೋಣ. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ತನಕ ನಾನು ಜೊತೆಗೆ ಬರುತ್ತೇನೆ, ಅಲ್ಲಿಂದ ಮುಂದೆ ನೀನೇ ಹೋಗು. ದೊಡ್ಡಪ್ಪ ಪಕ್ಕದಲ್ಲಿ ನಿಂತರೆ ಮ್ಯಾನೇಜರು ನನ್ನ ಜೊತೆ ಮಾತಾಡುತ್ತಾರೆ, ನಿನ್ನ ಜೊತೆ ಅಲ್ಲ. ಬಯೋಡಾಟಾದ ಎರಡು ಪ್ರತಿ ತೆಗೆಸಿಟ್ಟುಕೋ, ಫೋನ್ ಚಾರ್ಜ್ ಮಾಡಿಕೋ.