ಹೆದರುತ್ತಲೇ ಹೊಲ ಕೊಂಡವನು

ಮಗಾ, ಭಯಪಡುವವನಿಗೆ ನಂಬಿಕೆಯಿಲ್ಲ ಎಂದು ನಿನಗೆ ಯಾರು ಹೇಳಿಕೊಟ್ಟರೋ, ಮೊದಲು ಅದನ್ನು ತಲೆಯಿಂದ ತೆಗೆದುಹಾಕು. ಪ್ರಾರ್ಥನೆಗೆ ಮೊಣಕಾಲೂರಿದರೆ ಎದೆ ಡವಡವ ಎನ್ನುತ್ತದೆ, ಬಾಯಿಗೆ ಮಾತು ಬರುವುದಿಲ್ಲ, ನಾನು ದೇವರಿಂದ ದೂರ ಹೋಗಿಬಿಟ್ಟಿದ್ದೇನೆ ಅಂದೆಯಲ್ಲ? ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ತೆಗೆದು ನೋಡು. ಯೇಸುಸ್ವಾಮಿ ಎದ್ದ ದಿನದ ಸಂಜೆಯೇ ಶಿಷ್ಯರು ಬಾಗಿಲು ಭದ್ರ ಮಾಡಿಕೊಂಡು ಒಳಗೆ ಕೂತಿದ್ದರು. ಸಮಾಧಿ ಬರಿದಾಗಿದೆ ಎಂಬ ಸುದ್ದಿ ಬೆಳಿಗ್ಗೆಯೇ ಕಿವಿಗೆ ಬಿದ್ದಿತ್ತು, ಆದರೂ ಹೆದರಿಕೆ ಹೋಗಿರಲಿಲ್ಲ. ಕರ್ತನು ಆ ಹೆದರಿದವರ ನಡುವೆಯೇ ಬಂದು ನಿಂತ. ಮೊದಲು ಧೈರ್ಯ ತಂದುಕೊಳ್ಳಿ, ಆಮೇಲೆ ಬರುತ್ತೇನೆ ಅನ್ನಲಿಲ್ಲ. ಗಾಯದ ಕೈಗಳನ್ನು ತೋರಿಸಿದ. ಗೆತ್ಸೇಮನೆ ತೋಟದಲ್ಲಿ ರಾತ್ರಿ ಸಂಕಟಪಟ್ಟವನು ಅವನು. ನಡುಕ ಎಂದರೇನು ಎಂದು ಅವನಿಗೆ ನಾವು ವಿವರಿಸಬೇಕಾಗಿಲ್ಲ.

ನಿನ್ನ ಭಯಗಳು ಸುಳ್ಳು ಎಂದು ನಾನು ಹೇಳುವುದಿಲ್ಲ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಆ ಜ್ವರ ಮನುಷ್ಯರಿಗೂ ಹತ್ತಿತು. ಲೋಕದ ವೈದ್ಯರೆಲ್ಲ ಇವತ್ತಿಗೂ ಆ ಕಾಯಿಲೆಯನ್ನು ನಮ್ಮ ಆ ಕಾಡಿನ ಹೆಸರಿನಿಂದಲೇ ಕರೆಯುತ್ತಾರೆ. ನಮಗೆ ಅದು ಮಂಗನ ಕಾಯಿಲೆ. 2019ರಲ್ಲಿ ಸಾಗರದ ಅರಳಗೋಡು ಕಡೆ ಅದು ಎಷ್ಟು ಮನೆಗಳಲ್ಲಿ ಅಳು ತಂದಿತು ಎಂದು ನೀನೂ ಕೇಳಿದ್ದೀಯ. ಚಳಿಗಾಲ ಕಳೆದು ಬಿಸಿಲು ಏರುವಾಗ ದರಗು ತರಲು, ಸೌದೆ ತರಲು ಹೋದ ಅಮ್ಮ ಮನೆಗೆ ಬರುವವರೆಗೆ ಮಕ್ಕಳಿಗೆ ಜೀವದಲ್ಲಿ ಜೀವ ಇರುವುದಿಲ್ಲ. ಅದರ ಮೇಲೆ ಸಾಲ. ಶುಂಠಿ ಕೊಳೆತರೆ ಒಂದು ವರ್ಷದ ಬೆವರು, ಬಿತ್ತನೆ ಗೆಡ್ಡೆಗೆ ಸುರಿದ ದುಡ್ಡು, ಎರಡೂ ಮಣ್ಣಲ್ಲೇ ಹೋಗುತ್ತವೆ. ಕಂತಿನವರು ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತಾರೆ. ಇದೆಲ್ಲದರ ಕೆಳಗೆ ನೀನು ಅರ್ಧ ಹೇಳಿ ಅರ್ಧ ನುಂಗಿದ ಇನ್ನೊಂದು ಭಯವಿದೆ. ಇಷ್ಟು ದೊಡ್ಡ ಸೀಮೆಯಲ್ಲಿ ನಾವು ಬೆರಳೆಣಿಕೆಯಷ್ಟು ಮನೆಯವರು, ನಾಳೆ ಏನಾದರೂ ಆದರೆ ನಮಗೆ ಯಾರಿದ್ದಾರೆ ಎಂಬುದು. ಅದಕ್ಕೂ ಬರುತ್ತೇನೆ.

ಇಂಥ ಹೊತ್ತಿನಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಪುಟ ಯೆರೆಮೀಯನ ಗ್ರಂಥದ 32ನೇ ಅಧ್ಯಾಯ. ಪ್ರಸಂಗಗಳಲ್ಲಿ ಅದು ಅಪರೂಪ, ಯಾಕೋ ಗೊತ್ತಿಲ್ಲ. ರೈತರ ಮಕ್ಕಳಾದ ನಮಗೆ ಅದಕ್ಕಿಂತ ಹತ್ತಿರದ ಅಧ್ಯಾಯ ಇನ್ನೊಂದಿಲ್ಲ ಅಂತ ನನ್ನ ಎಣಿಕೆ. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುತ್ತುಗಟ್ಟಿದೆ. ಊರೊಳಗೆ ಹಸಿವು, ರೋಗ. ಊರು ಬೀಳುತ್ತದೆ ಎಂದು ನಿಜ ನುಡಿದದ್ದಕ್ಕೆ ರಾಜ ಚಿದ್ಕೀಯನು ಯೆರೆಮೀಯನನ್ನು ಕಾವಲಿನವರ ಅಂಗಳದಲ್ಲಿ ಕೂಡಿಹಾಕಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ, ದಾಯಾದಿಯ ಹಕ್ಕು ನಿನ್ನದೇ ಎನ್ನುತ್ತಾನೆ. ಯೋಚಿಸು. ಹೊಲ ಇರುವ ಕಡೆಯೆಲ್ಲ ಶತ್ರುವಿನ ಕುದುರೆಗಳು ಓಡಾಡುತ್ತಿವೆ, ಕೊಳ್ಳಬೇಕಾದವನು ಸೆರೆಯಲ್ಲಿದ್ದಾನೆ. ಅಂಥ ಜಮೀನಿಗೆ ನಮ್ಮ ಶಿರಾಳಕೊಪ್ಪದ ಸಂತೆಯಲ್ಲಿ ಯಾವ ದಲ್ಲಾಳಿಯಾದರೂ ಬೆಲೆ ಕಟ್ಟುತ್ತಾನೆಯೇ?

ಯೆರೆಮೀಯ ಕೊಂಡ. ಹೇಗೆ ಕೊಂಡ ಎಂಬುದನ್ನು ಗ್ರಂಥ ಎಷ್ಟು ಬಿಡಿಸಿ ಹೇಳುತ್ತದೆ ಗಮನಿಸು. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರ ಬರೆದು ರುಜು ಹಾಕಿದ, ಸಾಕ್ಷಿಗಳಿಂದಲೂ ಹಾಕಿಸಿದ. ಮುದ್ರೆ ಒತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎಲ್ಲರ ಕಣ್ಣೆದುರು ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿಡು ಅಂದ. ಇದೇ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕೊಡುಕೊಳ್ಳುವಿಕೆ ನಡೆಯುತ್ತದೆ ಎಂಬ ದೇವರ ಮಾತು ಅವನಿಗಿತ್ತು, ಅಷ್ಟೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು ಕಾಗದ ಮಾಡಿಸಿದ ಯಾರಿಗಾದರೂ ಈ ಭಾಗ ಓದಿದರೆ ಮೈ ಜುಮ್ಮೆನ್ನಬೇಕು. ನಿರೀಕ್ಷೆ ಎಂಬುದನ್ನು ಇಲ್ಲಿ ತೂಗಿದ್ದಾರೆ, ಅದಕ್ಕೆ ಸಾಕ್ಷಿ ಹಾಕಿಸಿದ್ದಾರೆ.

ಇದರ ಮುಂದಿನ ಭಾಗ ನಿನಗೆ ಇನ್ನೂ ಮುಖ್ಯ. ಕಾಗದ ಪೂರೈಸಿದ ಮೇಲೆ ಅವನು ಪ್ರಾರ್ಥನೆಗೆ ನಿಲ್ಲುತ್ತಾನೆ. ಆ ಪ್ರಾರ್ಥನೆಯ ಕೊನೆಗೆ ಬರುವುದು ಬೆರಗು, ಗೊಂದಲ. ಊರು ವೈರಿಯ ಪಾಲಾಗುತ್ತಿದೆ, ಸ್ವಾಮೀ, ನೀನು ನೋಡಿದರೆ ಹೊಲ ಕೊಂಡುಕೋ ಅಂದೆಯಲ್ಲ ಎಂಬ ಅರ್ಥದ ಮಾತು. ರುಜು ಮೊದಲು ಬಿತ್ತು, ಪ್ರಶ್ನೆ ಆಮೇಲೆ ಬಂತು. ಮನಸ್ಸು ಗಟ್ಟಿಯಾಗಲಿ, ಆಮೇಲೆ ಏನಾದರೂ ಮಾಡೋಣ ಎಂದು ಅವನು ಕಾಯಲಿಲ್ಲ. ಊರು ನಿಜಕ್ಕೂ ಬಿತ್ತು, ಗುಡಿ ಸುಟ್ಟುಹೋಯಿತು. ಹಾಗಾಗಿ, ನಂಬಿದರೆ ಕೆಟ್ಟದ್ದು ಬರುವುದೇ ಇಲ್ಲ ಎಂದು ನಿನಗೆ ನಾನು ಮಾತು ಕೊಡಲಾರೆ. ಹಾಗೆ ಮಾತು ಕೊಡುವ ಬೋಧಕರು ಫೋನಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರನ್ನು ಕೇಳಿ ಕೇಳಿಯೇ ನೀನು ಇಷ್ಟು ಬಳಲಿದ್ದೀಯ ಎಂದು ನನಗನಿಸುತ್ತದೆ.

ಪ್ರಾರ್ಥನೆಗೆ ಮಾತು ಬರದಿದ್ದರೆ ಕೀರ್ತನೆಗಳನ್ನು ಗಟ್ಟಿಯಾಗಿ ಓದು. ಸಂತೋಷದ ಕೀರ್ತನೆಗಳೇ ಆಗಬೇಕಿಲ್ಲ. 13ನೆಯದು ದೂರಿನಿಂದಲೇ ಶುರುವಾಗುತ್ತದೆ. 88ನೆಯದಂತೂ ಶುರುವಿನಿಂದ ಕೊನೆಯವರೆಗೂ ಸಂಕಟವೇ, ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಅದನ್ನೂ ನಮ್ಮ ಹಿರಿಯರು ಸತ್ಯವೇದದಿಂದ ತೆಗೆದುಹಾಕಲಿಲ್ಲ, ದೇವರ ಮುಂದೆ ಹಾಗೂ ಮಾತಾಡಬಹುದು ಎಂದು ಉಳಿಸಿದರು. ಶುಂಠಿ ಹೋಯಿತು ಸ್ವಾಮೀ, ಕಂತಿಗೆ ದುಡ್ಡಿಲ್ಲ ಸ್ವಾಮೀ ಎಂದು ಹೆಸರು ಹಿಡಿದು ಹೇಳು. ಅಲಂಕಾರದ ಪ್ರಾರ್ಥನೆ ಭಾನುವಾರಕ್ಕಿರಲಿ.

ಭಾನುವಾರ ಅಂದೆ. ಆರಾಧನೆಯನ್ನು ತಪ್ಪಿಸಬೇಡ, ನಾಲ್ಕೇ ಜನ ಬಂದರೂ. ಬಾಸೆಲ್ ಮಿಷನ್ನಿನವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿವರೆಗೂ ಸಭೆ, ಶಾಲೆ ಕಟ್ಟಿದ್ದು ನಿನಗೆ ಗೊತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಅವರಲ್ಲಿದ್ದ ಜರ್ಮನ್ ಪಾದ್ರಿಗಳು ಒಮ್ಮೆಲೇ ಶತ್ರುದೇಶದವರಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು, ಆಮೇಲೆ ಹಡಗು ಹತ್ತಿಸಿ ಕಳಿಸಿದರು. ಹಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಅಲ್ಲಿಯವರೆಗೆ ಸಂಬಳ, ಶಾಲೆ, ಮದ್ದು, ಉಪದೇಶ ಎಲ್ಲಕ್ಕೂ ಮಿಷನ್ನಿನ ಕಡೆ ನೋಡಿಕೊಂಡಿದ್ದ ಕನ್ನಡ ಸಭೆಗಳಿಗೆ ಇನ್ನೇನು ಗತಿ ಎನ್ನಿಸಿರಬೇಕು. ಆದರೆ ನಮ್ಮದೇ ಕನ್ನಡ ಬಾಯಿಯ ಉಪದೇಶಕರು, ಸಭಾಪಾಲಕರು, ಶಾಲಾ ಮಾಸ್ತರರು ದೀಪ ಹಚ್ಚಿದರು, ಗಂಟೆ ಬಾರಿಸಿದರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ದಪ್ಪಕ್ಷರದಲ್ಲಿಲ್ಲ. ಅದೇ ಮಿಷನ್ನಿನ ಕಿಟ್ಟೆಲರ ನಿಘಂಟಿಗೆ ತಲೆಬಾಗುವ ನಾವು ಇವರನ್ನು ನೆನೆಯುವುದು ಕಡಿಮೆ. ಇದು ನನಗೆ ನೋವಿನ ವಿಷಯ. ಇವತ್ತು ನಿನ್ನ ಕೈಯಲ್ಲಿ ಸತ್ಯವೇದ ಇರುವುದರಲ್ಲಿ ಆ ನಾಲ್ಕು ಜನರ ಭಾನುವಾರಗಳ ಪಾಲೂ ಇದೆ.

ಇನ್ನು ಕಾಯಿಲೆಯ ಮಾತು. ಪ್ರಾರ್ಥನೆಯನ್ನೂ ಮದ್ದನ್ನೂ ಒಂದಕ್ಕೊಂದು ಎದುರಾಗಿ ನಿಲ್ಲಿಸುವವರ ಹತ್ತಿರ ಸುಳಿಯಬೇಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಯುದ್ಧದಲ್ಲಿ, ಸೆರೆಯಲ್ಲಿ ನಲುಗಿ ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬುವಾ. ಇಲ್ಲಿಯ ಜನರಂತೆಯೇ ಉಟ್ಟು, ಉಂಡು, ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರು ಅನ್ನಿಸಿಕೊಂಡರು. ಮನೆಮಾರು ಕಳೆದುಕೊಂಡವರನ್ನು ಬೇಸಾಯಕ್ಕೆ ನೆಲೆನಿಲ್ಲಿಸಿದರು. ಸಿಡುಬು ಊರೂರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಆ ಕಾಲದಲ್ಲಿ, ಲಸಿಕೆಯೆಂದರೆ ಜನ ಬೆಚ್ಚುತ್ತಿದ್ದಾಗ, ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಿಸಲು ಓಡಾಡಿದರು. ಪೂಜೆಗೆ ನಿಂತ ಗುರುವೇ ಲಸಿಕೆಗೂ ಜನರನ್ನು ಒಪ್ಪಿಸಿದ್ದು. ಆದ್ದರಿಂದ ಕಾಡಿಗೆ ಹೋಗುವ ಮುಂಚೆ ಪ್ರಾರ್ಥನೆ ಮಾಡು, ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನೂ ಕೈಕಾಲಿಗೆ ಹಚ್ಚಿಕೋ. ಬಂದ ಮೇಲೆ ಬಿಸಿನೀರಲ್ಲಿ ಮಿಂದು, ಮೈಮೇಲೆ ಉಣುಗು ಕಚ್ಚಿದೆಯೋ ನೋಡಿಕೋ. ಜ್ವರ ಬಂದರೆ ಎರಡು ದಿನ ನೋಡೋಣ ಅನ್ನಬೇಡ, ಆಸ್ಪತ್ರೆಗೆ ಹೋಗು.

ಮನಸ್ಸಿನ ಜ್ವರಕ್ಕೂ ಇದೇ ಮಾತು. ರಾತ್ರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಅಂದೆ. ಪ್ರವಾದಿ ಎಲೀಯನು ಪ್ರಾಣಭಯದಿಂದ ಓಡಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಇನ್ನು ಸಾಕು, ನನ್ನ ಜೀವ ತೆಗೆದುಕೋ ಎಂದು ಬೇಡಿಕೊಂಡ. ದೇವರು ಅವನಿಗೆ ಮೊದಲು ಪಾಠ ಹೇಳಲಿಲ್ಲ. ಮಲಗಲು ಬಿಟ್ಟ, ಬಿಸಿ ರೊಟ್ಟಿ ಮತ್ತು ನೀರು ಕಳಿಸಿದ, ಮತ್ತೆ ಮಲಗಲು ಬಿಟ್ಟ, ಮತ್ತೆ ಉಣಿಸಿದ. ಮಾತು ಎಷ್ಟೋ ದಿನದ ಮೇಲೆ ಬಂತು. ನೀನೂ ಮೊದಲು ಹೊತ್ತಿಗೆ ಉಣ್ಣು. ಇದು ಹೀಗೇ ವಾರಗಟ್ಟಲೆ ಮುಂದುವರಿದರೆ ಶಿವಮೊಗ್ಗಕ್ಕೆ ಹೋಗಿ ಮನೋವೈದ್ಯರನ್ನು ಕಾಣೋಣ, ನಾನೇ ಜೊತೆಗೆ ಬರುತ್ತೇನೆ. ಜೀವ ಬೇಡ ಅನ್ನಿಸಿದ ಕ್ಷಣ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ನನ್ನ ಬಾಗಿಲು ತಟ್ಟು. 14416 ಎಂಬ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇದರಲ್ಲಿ ನಂಬಿಕೆ ಕಡಿಮೆಯಾಗುವಂಥದ್ದು ಏನೂ ಇಲ್ಲ.

ನಾವು ಕೆಲವೇ ಜನ ಎಂಬ ಭಯಕ್ಕೆ ಈಗ ಬರುತ್ತೇನೆ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಹತ್ತಿರದ ಕನ್ಯಾಸ್ತ್ರೀಯರ ಆರಾಧನಾ ಮಠಕ್ಕೆ ದಾಳಿಕೋರರು ನುಗ್ಗಿ ಒಳಗಿದ್ದುದನ್ನು ಒಡೆದುಹಾಕಿದರು, ಅದೇ ದಿನ ರಾಜ್ಯದಲ್ಲಿ ಬೇರೆ ಕಡೆಯೂ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ತೊಳಸುತ್ತದೆ. ಆಗಬಾರದ್ದು ಆಯಿತು ಎಂದು ಬಾಯಿಬಿಟ್ಟು ಹೇಳಬೇಕು. ಅನ್ಯಾಯವನ್ನು ಅನ್ಯಾಯ ಅನ್ನುವುದು ದ್ವೇಷವಲ್ಲ. ನಾಳೆ ನಿನಗೇ ಯಾರಾದರೂ ತೊಂದರೆ ಕೊಟ್ಟರೆ ಸಭೆಯ ಹಿರಿಯರನ್ನು ಕರೆದುಕೊಂಡು ಠಾಣೆಗೆ ಹೋಗಿ ಬರೆದು ಕೊಡು, ಸಹಿ ಹಾಕಿಸಿಕೊಂಡು ಪ್ರತಿ ಇಟ್ಟುಕೋ. ಪೌಲನೂ ತನ್ನ ರೋಮನ್ ಪೌರತ್ವದ ಹಕ್ಕನ್ನು ಅಧಿಕಾರಿಗಳ ಮುಂದೆ ಎತ್ತಿ ಹೇಳಿದವನೇ. ಆದರೆ ಎಲ್ಲೋ ಆದದ್ದರ ವಿಡಿಯೋಗಳನ್ನು ಹಗಲು ರಾತ್ರಿ ನೋಡಿ, ಪಕ್ಕದ ಮನೆಯವರನ್ನು ಅನುಮಾನದಿಂದ ನೋಡಲು ಶುರುಮಾಡಬೇಡ. ನಿನ್ನ ಅಜ್ಜ ಸತ್ತಾಗ ಗುಂಡಿ ತೋಡಲು ಗುದ್ದಲಿ ಹಿಡಿದು ಬಂದವರು ಅದೇ ಮನೆಯವರು. ವಾಟ್ಸಾಪಿನಲ್ಲಿ ಬಂದ ಹೆದರಿಕೆಯನ್ನು ಇನ್ನೊಬ್ಬರಿಗೆ ಕಳಿಸಬೇಡ, ಅಲ್ಲೇ ಅಳಿಸು.

ಈ ಮಣ್ಣು ನಿನ್ನದೂ ಹೌದು, ಮಗಾ. ನಮ್ಮ ತಾಳಗುಂದದ ಪ್ರಣವೇಶ್ವರ ಗುಡಿಯ ಎದುರಿನ ಕಂಬದ ಮೇಲೆ, ಕಂಚಿಗೆ ಓದಲು ಹೋಗಿ ಅವಮಾನಪಟ್ಟು ಬಂದು, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನ ಕಥೆ ಕೆತ್ತಿದೆ. ಅದನ್ನು ನೋಡಲು ಬಂದವರಿಗೆಲ್ಲ ದಾರಿ ತೋರಿಸುತ್ತ ಬೆಳೆದವನು ನೀನು. ಪಕ್ಕದ ಬಳ್ಳಿಗಾವಿಗೆ ಹೋದಾಗ ಕೇದಾರೇಶ್ವರ ಗುಡಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲು. ಅಲ್ಲಿದ್ದ ಕೋಡಿಮಠವನ್ನು 1162ರ ಒಂದು ಶಾಸನ ಬಣ್ಣಿಸುತ್ತದೆ. ವೇದ, ವ್ಯಾಕರಣ ಕಲಿಸುತ್ತಿದ್ದ ದೊಡ್ಡ ವಿದ್ಯಾಸ್ಥಾನ ಅದು. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು; ಹೆದರಿ ಬಂದ ಯಾವ ಜೀವಿಗಾದರೂ ಅಲ್ಲಿ ಅಭಯ ಸಿಗುತ್ತಿತ್ತು ಎಂದೂ ಶಾಸನ ಸೇರಿಸುತ್ತದೆ. ನಮ್ಮ ಮತದವರಲ್ಲ ಅವರು. ಆದರೂ ಅದನ್ನು ತಿಳಿದಾಗ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ನನ್ನ ಮನಸ್ಸಿಗೆ ಬಾರದೆ ಹೋಗಲಿಲ್ಲ. ಹಸಿದವನಿಗೆ ಉಣಬಡಿಸಿದ್ದನ್ನು, ರೋಗಿಯನ್ನು ನೋಡಹೋದದ್ದನ್ನು ಯೇಸುಸ್ವಾಮಿ ತನಗೇ ಮಾಡಿದ್ದೆಂದು ಎಣಿಸುವ ಭಾಗ ಅದು. ಎಂಟುನೂರು ವರ್ಷದ ಹಿಂದೆ ಈ ಸೀಮೆಯಲ್ಲಿ ಒಂದು ಮಠ ಭಯಪಟ್ಟವರಿಗೆ ಬಾಗಿಲು ತೆರೆದಿತ್ತು ಎಂದಾದರೆ, ಕ್ರಿಸ್ತನ ಹೆಸರು ಹೊತ್ತ ನಿನ್ನ ಮನೆಯ ಬಾಗಿಲು ಭಯದಿಂದ ಮುಚ್ಚಿರಬಾರದು.

ಹಾಗಾಗಿ ನಿನಗೆ ಈ ವಾರಕ್ಕೆ ಕೆಲಸ ಕೊಡುತ್ತೇನೆ. ನಿಮ್ಮ ಕೇರಿಯ ಕೊನೆಯ ಮನೆಯ ಅಜ್ಜಿಗೆ ಮೂರು ದಿನದಿಂದ ಜ್ವರವಂತೆ, ಮಗ ಬೆಂಗಳೂರಿನಲ್ಲಿದ್ದಾನೆ. ನಿನ್ನ ಬೈಕಿನಲ್ಲಿ ಆಗದಿದ್ದರೆ ಆಟೋ ಮಾಡಿಸಿ ನಾಳೆ ಬೆಳಿಗ್ಗೆಯೇ ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗು, ರಕ್ತ ಪರೀಕ್ಷೆ ಮಾಡಿಸು. ಎದೆ ಡವಡವ ಅಂದರೆ ಅನ್ನಲಿ, ಹೋಗು. ಬುಧವಾರ ಸಂಜೆ ನಮ್ಮಲ್ಲಿ ಪ್ರಾರ್ಥನೆಯಿದೆ, ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ. ಕಂತಿನ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಪಹಣಿ ಎಲ್ಲ ತಾ. ಪ್ರಾರ್ಥನೆ ಮುಗಿದ ಮೇಲೆ ಕೂತು ಒಂದೊಂದಾಗಿ ಲೆಕ್ಕ ಹಾಕಿ, ಯಾವುದನ್ನು ಮೊದಲು ತೀರಿಸಬೇಕು, ಮಳೆಗಾಲಕ್ಕೆ ಮೆಕ್ಕೆಜೋಳಕ್ಕೆ ಎಷ್ಟು ಜಾಗ ಬಿಡಬೇಕು ಎಂದು ನೋಡೋಣ. ಊಟ ನಮ್ಮಲ್ಲೇ.