ನಡಿಗೆ ಹೇಳುವುದು, ಸ್ಕ್ಯಾನ್ ತೋರಿಸುವುದು

ವಿಶ್ವೇಶ್ವರಯ್ಯ ನಾಲೆಯ ನೀರನ್ನು ನೆಚ್ಚಿ 1930ರ ದಶಕದಿಂದೀಚೆಗೆ ಭತ್ತ, ಕಬ್ಬಿನ ಸೀಮೆಯಾಗಿ ಬೆಳೆದ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ, ಅಲ್ಲಿನ ಹೊಳಲು ಎಂಬಂಥ ಊರುಗಳಲ್ಲಿ, ನಾಟಿ, ಕಳೆ, ಕುಯ್ಲು, ಕಬ್ಬು ಕಡಿತವೆಲ್ಲವೂ ಸೊಂಟ ಬಗ್ಗಿಸಿಯೇ ಮಾಡುವ ಕೆಲಸಗಳಾಗಿದ್ದು, ಕೆಳಬೆನ್ನಿನ ನರನಾಳ ಕಿರಿದಾಗುವ ಕಾಯಿಲೆ ಬಹುಕಾಲ ಗುರುತಿಗೆ ಸಿಗದೆ ಉಳಿಯುವುದಕ್ಕೆ ಈ ಭಂಗಿಯೂ ಒಂದು ಕಾರಣವಾಗುತ್ತದೆ. ಬೆನ್ನು ಮುಂದಕ್ಕೆ ಬಾಗಿದಾಗ ನಾಳ ತುಸು ಹಿಗ್ಗಿ ನರಗಳಿಗೆ ಎಡೆ ಸಿಗುತ್ತದೆ. ನೆಟ್ಟಗೆ ನಿಂತಾಗ ಹಿಂಬದಿಯ ಹಳದಿ ಅಸ್ಥಿಬಂಧ, ಅಂದರೆ ಒಂದು ಮಣಿಮೂಳೆಯನ್ನು ಇನ್ನೊಂದಕ್ಕೆ ಬಿಗಿಯುವ ಸ್ಥಿತಿಸ್ಥಾಪಕ ಪಟ್ಟಿ, ಮಡಿಚಿಕೊಂಡು ಒಳಕ್ಕೆ ಚಾಚಿ ಅದೇ ಎಡೆಯನ್ನು ಕಸಿಯುತ್ತದೆ. ಹೀಗಾಗಿ ಗದ್ದೆಯೊಳಗೆ ಹೊತ್ತು ಮುಳುಗುವವರೆಗೆ ಬಗ್ಗಿ ದುಡಿದವರು ಬದುವಿನ ಮೇಲೆ ಮನೆಯ ಕಡೆ ನೆಟ್ಟಗೆ ನಡೆಯತೊಡಗಿದ ಮೇಲೆಯೇ ತೊಡೆ, ಮೀನಖಂಡಗಳು ಜೋಮು ಹಿಡಿದು ಭಾರವಾಗುತ್ತವೆ, ಕುಕ್ಕರಗಾಲಿನಲ್ಲಿ ಕುಳಿತರೆ ಬಿಡುಗಡೆಯಾಗುತ್ತವೆ. ವಯಸ್ಸಾಯಿತು, ವಾಯು ಹಿಡಿದಿದೆ ಎಂಬ ಮಾತಿನಲ್ಲಿ ವರ್ಷಗಳು ಕಳೆಯುವುದು ಇಂಥ ಮನೆಗಳ ಸಾಮಾನ್ಯ ಅನುಭವ.

ಬೆನ್ನುಹುರಿ ಬಹುಮಂದಿಯಲ್ಲಿ ಮೊದಲ ಅಥವಾ ಎರಡನೆಯ ಸೊಂಟದ ಮಣಿಮೂಳೆಯ ಮಟ್ಟದಲ್ಲಿ ಕೊನೆಗೊಳ್ಳುತ್ತದೆ; ಅದರ ಕೆಳಗೆ ನಾಳದೊಳಗೆ ಇರುವುದು ಕಾಲು, ಮೂತ್ರಕೋಶ, ಗುದದ್ವಾರಗಳಿಗೆ ಹೋಗುವ ನರಬೇರುಗಳ ಗೊಂಚಲು ಮತ್ತು ಅದನ್ನು ಸುತ್ತುವರಿದ ದ್ರವ. ಮಣಿಮೂಳೆಗಳ ನಡುವಿನ ಡಿಸ್ಕು ನೀರಿನಂಶ ಕಳೆದುಕೊಂಡು ಹಿಂದಕ್ಕೆ ಉಬ್ಬುವುದು, ಹಿಂಬದಿಯ ಸಣ್ಣ ಕೀಲುಗಳು ಸವೆದು ಊದಿಕೊಳ್ಳುವುದು, ಅಸ್ಥಿಬಂಧ ದಪ್ಪವಾಗುವುದು, ಈ ಮೂರೂ ಕೂಡಿದಾಗ ನಾಳ ಮೂರು ಕಡೆಯಿಂದ ಮುಚ್ಚಿಬರುತ್ತದೆ. ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಎಲ್4–ಎಲ್5, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಮೂಳೆಗಳ ನಡುವಿನ ಜಾಗ, ಇದಕ್ಕೆ ಹೆಚ್ಚಾಗಿ ತುತ್ತಾಗುವ ಮಟ್ಟ.

ಈ ಕಾಯಿಲೆಯನ್ನು ಅಳತೆಯ ಭಾಷೆಗೆ ತಂದವರಲ್ಲಿ ನೆದರ್‌ಲೆಂಡ್ಸಿನ ಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್ ಪ್ರಮುಖರು. ಅವರು 1954ರಲ್ಲಿ ಇದರ ಲಕ್ಷಣಗಳನ್ನು ವಿವರವಾಗಿ ಪ್ರಕಟಿಸಿದರು. ನಾಳದ ಮುಂದು ಹಿಂದಿನ ಅಗಲ 10 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪೂರ್ಣ ಸಂಕೋಚನ, 10ರಿಂದ 12 ಮಿ.ಮೀ. ಇದ್ದರೆ ಸಾಪೇಕ್ಷ ಸಂಕೋಚನ ಎಂಬ ವಿಭಜನೆ ಅವರ ಹೆಸರಿನಲ್ಲಿಯೇ ಉಳಿದಿದೆ. ಆ ಕಾಲದಲ್ಲಿ ನಾಳವನ್ನು ಕಾಣಲು ಬೆನ್ನಿಗೆ ಸೂಜಿ ಚುಚ್ಚಿ, ಎಕ್ಸ್‌ರೇಗೆ ಕಾಣಿಸುವ ದ್ರವವನ್ನು ಒಳಗೆ ಬಿಡುವ ಮೈಲೋಗ್ರಫಿಯೇ ಗತಿಯಾಗಿತ್ತು. ಬರಿಯ ಎಕ್ಸ್‌ರೇ ಇಂದಿಗೂ ಮೂಳೆಯನ್ನು ತೋರಿಸೀತು, ಬಗ್ಗಿಸಿ ಮತ್ತು ನೆಟ್ಟಗೆ ನಿಲ್ಲಿಸಿ ತೆಗೆದರೆ ಒಂದು ಮಣಿಮೂಳೆ ಇನ್ನೊಂದರ ಮೇಲಿಂದ ಜಾರುವುದನ್ನೂ ಹಿಡಿದೀತು, ಆದರೆ ನರವನ್ನು ತೋರಿಸಲಾರದು. ಸಿ.ಟಿ. ಮೂಳೆಯ ವಿವರವನ್ನು ಇನ್ನೂ ಸ್ಪಷ್ಟಪಡಿಸುತ್ತದೆ, ಎಂ.ಆರ್.ಐ.ಗೆ ಒಳಗಾಗಲಾರದವರಿಗೆ ಮೈಲೋಗ್ರಫಿಯೊಡನೆ ಅದನ್ನು ಬಳಸುವುದುಂಟು.

ಎಂ.ಆರ್.ಐ.ಯ ಟಿ2 ಎಂಬ ಬಗೆಯ ಚಿತ್ರಗಳಲ್ಲಿ ದ್ರವ ಬೆಳ್ಳಗೆ, ನರಬೇರುಗಳು ಕಪ್ಪು ಚುಕ್ಕೆಗಳಾಗಿ ಕಾಣುವುದರಿಂದ, ಸೊಂಟವನ್ನು ಅಡ್ಡಕ್ಕೆ ಕತ್ತರಿಸಿದಂತೆ ತೋರುವ ಬಿಲ್ಲೆಗಳೇ ಇಲ್ಲಿ ಮುಖ್ಯ ಸಾಕ್ಷಿ. ಸ್ವಿಟ್ಜರ್ಲೆಂಡಿನ ಸ್ಕಿಜಾಸ್ ಮತ್ತು ಸಂಗಡಿಗರು 2010ರಲ್ಲಿ ಮಿಲಿಮೀಟರುಗಳನ್ನು ಬದಿಗಿಟ್ಟು ಈ ಬಿಳಿಯ ನೋಟವನ್ನೇ ಆಧರಿಸಿ ಎ ಯಿಂದ ಡಿ ವರೆಗೆ ನಾಲ್ಕು ದರ್ಜೆಗಳನ್ನು ಮಾಡಿದರು: ಎ ಯಲ್ಲಿ ದ್ರವ ಚೆನ್ನಾಗಿ ಕಾಣುತ್ತದೆ, ಬಿ ಯಲ್ಲಿ ನರಬೇರುಗಳು ದ್ರವದ ಚೀಲವನ್ನೆಲ್ಲ ತುಂಬಿದರೂ ಬಿಡಿಬಿಡಿಯಾಗಿ ಗುರುತಿಗೆ ಸಿಗುತ್ತವೆ, ಸಿ ಯಲ್ಲಿ ದ್ರವವೂ ಬೇರುಗಳೂ ಕಾಣದೆ ಒಂದೇ ಬೂದು ಮುದ್ದೆಯಾಗುತ್ತದೆ, ಡಿ ಯಲ್ಲಿ ಅದರ ಹಿಂದಿನ ಕೊಬ್ಬೂ ಅಳಿಸಿಹೋಗುತ್ತದೆ. ಅಂಕಿಗಿಂತ ಆಕಾರವನ್ನು ನಂಬುವ ಈ ಕ್ರಮ ರೋಗಿಯ ಮನೆಯವರಿಗೂ ಅರ್ಥವಾಗುವಂಥದ್ದು.

ಇಷ್ಟಾಗಿಯೂ ಚಿತ್ರವೊಂದನ್ನೇ ನಂಬಿದವರು ದಾರಿ ತಪ್ಪಿದ್ದಾರೆ. ಅಮೆರಿಕದಲ್ಲಿ ಬೋಡನ್ ಮತ್ತು ಸಹೋದ್ಯೋಗಿಗಳು ಬೆನ್ನುನೋವೇ ಇರದಿದ್ದ 67 ಮಂದಿಯನ್ನು ಸ್ಕ್ಯಾನ್ ಮಾಡಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 60 ಮತ್ತು ಅದಕ್ಕೆ ಮೇಲ್ಪಟ್ಟವರ ಪೈಕಿ ಶೇ. 21ರಷ್ಟು ಮಂದಿಯಲ್ಲಿ ನಾಳದ ಸಂಕೋಚನ ಕಂಡಿತ್ತು. ಅವರು ಯಾರೂ ಅದರಿಂದ ಬಳಲುತ್ತಿರಲಿಲ್ಲ. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಇದೆ: ಎಂ.ಆರ್.ಐ. ತೆಗೆಯುವುದು ಅಂಗಾತ ಮಲಗಿಸಿ, ಹೆಚ್ಚಾಗಿ ಮಂಡಿಯ ಕೆಳಗೆ ದಿಂಬಿಟ್ಟು. ಅದು ನಾಳಕ್ಕೆ ಆರಾಮದ ಭಂಗಿಯಾದ್ದರಿಂದ, ಬದುವಿನ ಮೇಲೆ ನಡೆಯುವಾಗ ಆಗುವ ಬಿಗಿತ ಚಿತ್ರದಲ್ಲಿ ಪೂರ್ತಿ ಮೂಡದೆ ಹೋಗಬಹುದು. ಆದ್ದರಿಂದ ವೈದ್ಯರೆದುರು ಲಕೋಟೆಯಿಂದ ಫಿಲ್ಮು ತೆಗೆಯುವ ಮುಂಚೆ ಎಷ್ಟು ದೂರ ನಡೆದರೆ ಕಾಲು ಸೋಲುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂಬುದನ್ನು ಹೇಳುವುದು ವರದಿಯ ಎರಡು ಪುಟಕ್ಕಿಂತ ಹೆಚ್ಚು ಬೆಲೆಬಾಳುತ್ತದೆ, ಆದರೆ ಹಳ್ಳಿಯಿಂದ ಬಂದವರು ಇಷ್ಟನ್ನು ಹೇಳಲು ಸಂಕೋಚಪಡುತ್ತಾರೆ, ಕೇಳಲು ವೈದ್ಯರಿಗೆ ವ್ಯವಧಾನ ಸಿಗುವುದಿಲ್ಲ. ನಡಿಗೆಯ ಆ ವಿವರದಿಂದಲೇ ಬೇರೆ ಕಾಲುನೋವುಗಳನ್ನು ಬೇರ್ಪಡಿಸಬಹುದು: ಬೀಡಿ ಸೇದುವವರಲ್ಲಿ ರಕ್ತನಾಳ ಕಟ್ಟಿ ಬರುವ ಕಾಲುನೋವು ಸುಮ್ಮನೆ ನಿಂತರೂ ಇಳಿಯುತ್ತದೆ, ನರನಾಳದ ನೋವಿಗೆ ಬಗ್ಗಬೇಕು ಇಲ್ಲವೆ ಕೂರಬೇಕು. ಈ ನೋವಿರುವವರು ಹ್ಯಾಂಡಲಿನ ಮೇಲೆ ಬಾಗಿ ಸೈಕಲ್ ತುಳಿಯಬಲ್ಲರು, ಅಷ್ಟೇ ದೂರ ನಡೆಯಲಾರರು. ಸಕ್ಕರೆ ಕಾಯಿಲೆಯ ಅಂಗಾಲಿನ ಉರಿಯಾದರೋ ನಡಿಗೆಯ ಲೆಕ್ಕವನ್ನೇ ಇಡದೆ ರಾತ್ರಿಯೂ ಕಾಡುತ್ತದೆ.

ಚಿತ್ರ ಕಾಯಬಹುದು, ಕೆಲವು ವಾರ ವ್ಯಾಯಾಮ, ಔಷಧಿಗಳಲ್ಲಿ ನೋಡಬಹುದು ಎಂಬ ಸಮಾಧಾನದ ಮಾತು ಬಹುತೇಕರಿಗೆ ಸಲ್ಲುತ್ತದೆ, ಏಕೆಂದರೆ ಶಸ್ತ್ರಚಿಕಿತ್ಸೆಯ ಯೋಚನೆ ಇಲ್ಲದಿರುವಾಗ ತೆಗೆಸಿದ ಸ್ಕ್ಯಾನ್ ಚಿಕಿತ್ಸೆಯನ್ನು ಬದಲಿಸುವುದು ವಿರಳ. ಇದಕ್ಕೆ ಹೊರತಾದದ್ದು ಒಂದಿದೆ: ತೊಡೆಯ ಸಂದು ಮತ್ತು ಗುದದ ಸುತ್ತ ಸ್ಪರ್ಶ ಕುಂದಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಾನಾಗಿ ಹೋದರೆ, ಪಾದ ಎತ್ತಲಾಗದಷ್ಟು ಬಲ ಇಳಿಯುತ್ತಾ ಬಂದರೆ, ನರಗೊಂಚಲು ಹಿಸುಕಿಹೋಗುತ್ತಿದೆ ಎಂದು ತಿಳಿದು ಅಂದೇ ಆಸ್ಪತ್ರೆಗೆ ಹೋಗಿ ಎಂ.ಆರ್.ಐ. ಮಾಡಿಸಬೇಕಾಗುತ್ತದೆ, ಮಾರನೆಯ ದಿನದ ಮೊದಲ ಬಸ್ಸಿಗೆ ಕಾಯುವಂತಿಲ್ಲ.